ನಾಯಿ ಕೋಳಿಮರಿಯನ್ನೇ ದಿಟ್ಟಿಸುತ್ತಿದೆಯಾ? ಅಲ್ಲೇ ತಡೆಯಿರಿ

ನಮಸ್ಕಾರ. ನೀವು ತುಂಬ ಜನ ಕೇಳುವ ಪ್ರಶ್ನೆ ಇದು: “ನಮ್ಮ ನಾಯಿ ಬಹಳ ಸಾಧು. ಹೂಮರಿ ತಂದಾಗಿನಿಂದ ಒಂದು ಸಲವೂ ಬೊಗಳಿಲ್ಲ. ಪೆಟ್ಟಿಗೆ ಮುಂದೆ ಸುಮ್ನೆ ನೋಡುತ್ತಾ ನಿಂತಿರುತ್ತದೆ. ಜೊತೆಗೆ ಬಿಡಬಹುದಲ್ವಾ?”

ಬೇಡ. ನನಗೆ ಭಯ ಆಗುವುದೇ ಆ ‘ಸುಮ್ನೆ’ ನಿಂತ ನಾಯಿಯನ್ನು ಕಂಡರೆ.

ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಬಿಸಿ ಬೇಕು, ಬಲ್ಬ್ ಹಾಕಿಯೇ ಇರುತ್ತೀರಿ. ಪೆಟ್ಟಿಗೆಗೆ ತಂತಿಬಲೆಯ ಮುಚ್ಚಳ ಬಿಗಿಯಾಗಿರಲಿ. ಬುಟ್ಟಿ ಕವುಚಿದರೆ ಸಾಲದು, ನಾಯಿ ಮೂತಿಯಲ್ಲೇ ಎತ್ತಿಬಿಡುತ್ತದೆ. ಈಗ ಆ ನೋಟದ ವಿಷಯಕ್ಕೆ ಬರೋಣ.

(ದೃಶ್ಯ: ಮುಧೋಳ ನಾಯಿಯ ಓಟ, ನಿಧಾನಗತಿಯಲ್ಲಿ)

ನಾಯಿಯ ಬೇಟೆ ಎಷ್ಟೋ ಸಲ ಕಣ್ಣಿಂದಲೇ ಶುರುವಾಗುತ್ತದೆ. ದಿಟ್ಟಿಸುವುದು, ಹೊಂಚಿ ಹೆಜ್ಜೆ ಇಡುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ತಲೆತಲಾಂತರದಿಂದ ನಾಯಿ ಸಾಕಿದ ಮನುಷ್ಯ ಈ ಸಾಲಿನಲ್ಲಿ ತನಗೆ ಬೇಕಾದ್ದನ್ನು ಬೆಳೆಸಿದ, ಬೇಡದ್ದನ್ನು ಕುಗ್ಗಿಸಿದ. ಕುರಿ ಮೇಯಿಸುವ ಬಾರ್ಡರ್ ಕೋಲಿ ದಿಟ್ಟಿಸುತ್ತದೆ, ಹೊಂಚುತ್ತದೆ, ಅಟ್ಟುತ್ತದೆ. ಕಚ್ಚುವ ಹಟ ಮಾತ್ರ ಕಮ್ಮಿ. ಲ್ಯಾಬ್ರಡಾರ್ ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಮೆಲ್ಲಗೆ ಬಾಯಲ್ಲಿ ಹಿಡಿದು ತರುತ್ತದೆ. ನಮ್ಮ ಬಾಗಲಕೋಟೆ ಕಡೆಯ ಮುಧೋಳವಂತೂ ಕಣ್ಣನ್ನೇ ನಂಬಿ ಮೊಲದ ಹಿಂದೆ ಬೀಳುವ ನಾಯಿ. ದೂರದಲ್ಲಿ ಏನೋ ಸರಕ್ಕನೆ ಸರಿದರೆ ಸಾಕು, ಕಾಲು ತಾನಾಗಿ ಓಡುತ್ತದೆ. ಅಂಥದ್ದರ ಮುಂದೆ ಚಿಂವ್ ಚಿಂವ್ ಅನ್ನುತ್ತಾ ಮರಿಗಳು ಗುಡುಗುಡು ಓಡಾಡಿದರೆ? ಇದರಲ್ಲಿ ನಾಯಿಯ ತಪ್ಪೇನೂ ಇಲ್ಲ. ದಯವಿಟ್ಟು ಹೊಡೆಯಬೇಡಿ.

ಆ ನೋಟವನ್ನು ಹತ್ತಿರದಿಂದ ಗಮನಿಸಿ. ಬಾಯಿ ಮುಚ್ಚಿದೆ. ಕಿವಿ ಮುಂದಕ್ಕೆ ಬಾಗಿದೆ. ಮೈಯೆಲ್ಲ ಬಿಗಿ. ಒಂದು ಮುಂಗಾಲು ನೆಲದಿಂದ ಅರ್ಧ ಮೇಲೆ. ಬಾಲ ಅಲ್ಲಾಡುತ್ತಿದ್ದರೂ ನಂಬಬೇಡಿ. ಹೆಸರು ಹಿಡಿದು ಕರೆಯಿರಿ. ತಿರುಗಿ ನೋಡಿದರೆ ಪರವಾಗಿಲ್ಲ. ಕಿವಿ ಕೂಡ ಅಲ್ಲಾಡದಿದ್ದರೆ, ಒಲೆ ಮೇಲಿನ ಹಾಲು ಅಂಚಿಗೆ ಬಂದ ಹಾಗೆ. ಆರಿಸುವುದಿದ್ದರೆ ಆಗಲೇ ಆರಿಸಬೇಕು.

ಅದಕ್ಕೇ ಮೊದಲು ನಾಯಿಯನ್ನು ಚೆನ್ನಾಗಿ ಓಡಾಡಿಸಿ ದಣಿಸಿ. ಬೆಲ್ಟ್ ಹಾಕಿ, ಕರೆದರೆ ತಿರುಗುವಷ್ಟು ದೂರದಲ್ಲಿ ಕೂರಿಸಿ. ಮರಿಗಳು ಬಲೆಯ ಒಳಗೇ ಇರಲಿ. ನಾಯಿ ತಾನಾಗಿ ಮುಖ ತಿರುಗಿಸಿದ ಕ್ಷಣ ಒಂದು ತುಂಡು ಚಪಾತಿ ಕೊಡಿ. ಮರುದಿನ ಒಂದು ಹೆಜ್ಜೆ ಹತ್ತಿರ, ಅಷ್ಟೇ. ಕೆಲವು ನಾಯಿಗೆ ವಾರ ಸಾಕು, ಕೆಲವಕ್ಕೆ ತಿಂಗಳಾದರೂ ಆಗುವುದಿಲ್ಲ. ಆಗದಿದ್ದರೆ ಬೇರೆ ಬೇರೆಯಾಗಿಯೇ ಇಡಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಟೈಮ್ ಆಗ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಒಂದು ದಿನದ ಮರಿ ಬರೀ 40 ಗ್ರಾಂ ಹತ್ತಿರ, ಆಟಕ್ಕೆ ಇಟ್ಟ ಪಂಜವೇ ಸಾಕು ಜೀವ ಹೋಗಲು. ಎರಡು ನಾಯಿಯನ್ನು ಒಟ್ಟಿಗೆ ಬಿಡಬೇಡಿ, ಒಂದು ಓಡಿದರೆ ಇನ್ನೊಂದೂ ಓಡುತ್ತದೆ. ತಾಯಿ ಹೇಂಟೆ ಜೊತೆಗಿದ್ದರೆ ಅದು ನಾಯಿಯ ಕಣ್ಣಿಗೇ ಕುಕ್ಕಬಹುದು. ಕೋಳಿ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ನಾಯಿ ತಿನ್ನದಂತೆ ನೋಡಿಕೊಳ್ಳಿ, ಮರಿ ಮುಟ್ಟಿದ ಮಕ್ಕಳ ಕೈ ಸೋಪಿನಲ್ಲಿ ತೊಳೆಸಿ. ಮನೆಯಲ್ಲಿ ಯಾರೂ ಇಲ್ಲದಾಗ ಮಧ್ಯೆ ಒಂದು ಬಾಗಿಲು ಹಾಕಿಯೇ ಇರಲಿ, ನಾಯಿ ಎಷ್ಟೇ ಸಾಧುವಾಗಿರಲಿ.