ಕಾರ್ಡ್ ಸತ್ತಿಲ್ಲ, ಮೇಸ್ತ್ರಿಯನ್ನು ಬದಲಾಯಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಡಗಿನಲ್ಲಿ ಈಗ ತೋಟದ ಮನೆಗಳಲ್ಲೂ ಒಂದು ಕಂಪ್ಯೂಟರ್ ಇರುತ್ತದೆ. ತೋಟದ ಲೆಕ್ಕಕ್ಕೆ, ಹೋಮ್‌ಸ್ಟೇ ಬುಕಿಂಗ್‌ಗೆ, ಮಕ್ಕಳ ಓದಿಗೆ, ಸಂಜೆಯಾದರೆ ಅವರ ಗೇಮ್‌ಗೆ. ಚೆನ್ನಾಗಿಯೇ ನಡೀತಾ ಇರುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಪರದೆ ಕಪ್ಪಾಗುತ್ತದೆ, ಮತ್ತೆ ಬರುತ್ತದೆ. ಇಲ್ಲವೇ ಐಕಾನ್‌ಗಳೆಲ್ಲ ಕಡಂಬಿಟ್ಟಿನ ಉಂಡೆಯ ಹಾಗೆ ದಪ್ಪಗಾಗುತ್ತವೆ. ಆಗ ಅಂಗಡಿಗೆ ಫೋನ್ ಮಾಡುತ್ತೀರಿ. ‘ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಹೊಸದು ಹಾಕಿ’ ಅನ್ನುತ್ತಾರೆ. ಪರದೆಗೆ ಚಿತ್ರ ಕಳಿಸುವ ಭಾಗ ಅದು. ನೀವೂ ಹೂಂ ಅನ್ನುತ್ತೀರಿ.

ದಯವಿಟ್ಟು ಹೂಂ ಅನ್ನಬೇಡಿ. ಎಷ್ಟೋ ಸಲ ಕಾರ್ಡ್ ಹೋಗಿರುವುದಿಲ್ಲ. ಕೆಟ್ಟಿರುವುದು ಡ್ರೈವರ್.

ಡ್ರೈವರ್ ಅಂದರೆ ಏನು? ನಮ್ಮ ತೋಟದ ಮೇಸ್ತ್ರಿ ಇದ್ದಾರಲ್ಲ, ಅವರೇ. ಸಾಹುಕಾರರು ಕನ್ನಡದಲ್ಲಿ ಹೇಳುತ್ತಾರೆ. ಲೈನ್ ಮನೆಯಲ್ಲಿರುವ ಕೆಲಸದವರು ತಮಿಳಿನವರೋ ಅಸ್ಸಾಮಿನವರೋ ಆಗಿರುತ್ತಾರೆ. ಮಾತನ್ನು ಈ ಕಡೆಯಿಂದ ಆ ಕಡೆಗೆ ದಾಟಿಸುವುದು ಮೇಸ್ತ್ರಿ. ಕಂಪ್ಯೂಟರಿನಲ್ಲಿ ವಿಂಡೋಸ್ ಸಾಹುಕಾರ. ಗ್ರಾಫಿಕ್ಸ್ ಕಾರ್ಡ್ ಕೆಲಸದಾಳು. ನಡುವೆ ನಿಂತು ಮಾತು ದಾಟಿಸುವ ಸಾಫ್ಟ್‌ವೇರೇ ಡ್ರೈವರ್.

ಒಂದೇ ತೋಟಕ್ಕೆ ಇಬ್ಬರು ಮೇಸ್ತ್ರಿಗಳಾದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಒಬ್ಬ ಗೊಬ್ಬರ ಹಾಕಿ ಅನ್ನುತ್ತಾನೆ, ಇನ್ನೊಬ್ಬ ಚಿಗುರು ತೆಗೆಯಿರಿ ಅನ್ನುತ್ತಾನೆ. ಆಳು ಕೈಕಟ್ಟಿ ನಿಲ್ಲುತ್ತಾನೆ. ಆಳು ಸರಿ ಇಲ್ಲ ಅಂತ ಅವನನ್ನು ಕಳಿಸಿಬಿಟ್ಟರೆ ನ್ಯಾಯವಾ? ಹಳೆಯ ಮೇಸ್ತ್ರಿಯ ಲೆಕ್ಕ ಚುಕ್ತಾ ಮಾಡಿ, ಆಮೇಲೆ ಹೊಸಬನನ್ನು ಕರೆಯಿರಿ. ನನ್ನ ಇವತ್ತಿನ ಮಾತು ಇಷ್ಟೇ. ಹಳೆಯ ಡ್ರೈವರ್ ಪೂರ್ತಿ ತೆಗೆಯಿರಿ, ಆಮೇಲೆ ಹೊಸದು ಹಾಕಿ.

ಎರಡು ವರ್ಷದ ಹಿಂದಿನ ಒಂದು ಸಂಗತಿ ಹೇಳುತ್ತೇನೆ. ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮಳೆ ಬಿಟ್ಟಿರಲಿಲ್ಲ. ಮೂರ್ನಾಡು ದಾಟಿ ನಾಪೋಕ್ಲು ಕಡೆ ಒಂದು ಮನೆಗೆ ಹೋಗಿದ್ದೆ. ಆ ಮನೆಯ ಮಗಳು ಆರ್ಕಿಟೆಕ್ಚರ್ ಓದುತ್ತಿದ್ದಳು. ಕಂಪ್ಯೂಟರಿನಲ್ಲಿ ಮನೆಗಳ ನಕ್ಷೆ ಬಿಡಿಸುತ್ತಾಳೆ, ತಿರುಗಿಸಿ ತಿರುಗಿಸಿ ನೋಡುತ್ತಾಳೆ. ತಿರುಗಿಸಿದಾಗಲೆಲ್ಲ ಪರದೆ ಕಪ್ಪು. ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತದೆ. ಮೂಲೆಯಲ್ಲಿ ಒಂದು ಸಾಲು, ಡಿಸ್‌ಪ್ಲೇ ಡ್ರೈವರ್ ನಿಂತುಹೋಗಿತ್ತು, ಈಗ ಸರಿಯಾಗಿದೆ ಅಂತ. ಅಂಗಡಿಯವರು ಆಗಲೇ ಹದಿನೆಂಟು ಸಾವಿರದ ಹೊಸ ಕಾರ್ಡ್ ಹೇಳಿಯಾಗಿತ್ತು. ಅವಳ ಅಪ್ಪ ದುಡ್ಡು ಎತ್ತಿಟ್ಟಿದ್ದರು.

ಆ ಸಾಲನ್ನು ಯಾರೂ ಓದುವುದಿಲ್ಲ, ಅದೇ ನನಗೆ ಬೇಜಾರು. ಡ್ರೈವರ್ ನಿಂತುಹೋಗಿತ್ತು ಅಂತ ಕಂಪ್ಯೂಟರೇ ಹೇಳುತ್ತಿದೆ ಅಲ್ವಾ! ಕಾರ್ಡಿಗೆ ಕೆಲಸ ಹೇಳಿದ ಮೇಲೆ ವಿಂಡೋಸ್ 2 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಡ್ರೈವರನ್ನು ತಾನೇ ಕೆಡವಿ ಮತ್ತೆ ಎಬ್ಬಿಸುತ್ತದೆ. ಪರದೆ ಕಪ್ಪಾಗುವುದು ಆಗಲೇ.

ನಾನು ಕೂತ ಐದು ನಿಮಿಷಕ್ಕೆ ಕರೆಂಟ್ ಹೋಯಿತು. ಕಕ್ಕಡದಲ್ಲಿ ಅದು ಇದ್ದಿದ್ದೇ. ಮನೆಯ ಅಕ್ಕ ಮದ್ದು ಸೊಪ್ಪಿನ ಪಾಯಸ ತಂದುಕೊಟ್ಟರು, ಮೇಲೆ ತುಪ್ಪ, ಜೇನು. ಮೇಣದಬತ್ತಿ ಬೆಳಕಿನಲ್ಲೂ ಅದರ ನೇರಳೆ ಬಣ್ಣ ಕಾಣುತ್ತಿತ್ತು. ತಿನ್ನುತ್ತಾ ಆ ಹುಡುಗಿಯನ್ನು ಕೇಳಿದೆ, ‘ಮೊದಲು ಬೇರೆ ಕಾರ್ಡ್ ಇತ್ತಾ ಮಗಾ?’ ‘ಇತ್ತು ಅಂಕಲ್, ಎಎಮ್‌ಡಿ ಕಂಪನಿದು. ಈಗಿರೋದು ಎನ್‌ವಿಡಿಯಾ.’ ‘ಹಳೇ ಕಾರ್ಡಿನ ಡ್ರೈವರ್ ತೆಗೆದಿದ್ದೀಯಾ?’ ‘ತೆಗೀಬೇಕಾ?’ ಅಂದಳು.

ಕರೆಂಟ್ ಬಂದ ಮೇಲೆ ನೋಡಿದೆ. ಎಎಮ್‌ಡಿಯ ಹಳೆಯ ಡ್ರೈವರ್ ಅಲ್ಲೇ ಕೂತಿತ್ತು. ಎನ್‌ವಿಡಿಯಾದ್ದು, ವಿಂಡೋಸ್ ತಾನೇ ತಂದು ಹಾಕಿದ್ದು ಒಂದು. ಇದು ಸಾಲದು ಅಂತ, ಒಂದೇ ಗುಂಡಿ ಒತ್ತಿದರೆ ಎಲ್ಲ ಡ್ರೈವರ್ ಹೊಸದಾಗುತ್ತದೆ ಅನ್ನುವ ಯಾವುದೋ ಪುಕ್ಕಟೆ ಪ್ರೋಗ್ರಾಂ ಹಾಕಿಕೊಂಡಿದ್ದಳು. ಅದು ಇನ್ನೊಂದನ್ನು ತುರುಕಿತ್ತು. ಮೂರು ಮೇಸ್ತ್ರಿ, ಒಬ್ಬ ಆಳು.

ಮೊದಲು ಪರೀಕ್ಷೆ ಮಾಡಿದೆ. ಇದನ್ನು ನೀವೂ ಮಾಡಬಹುದು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಕಂಪನಿಯ ಗುರುತು ಬರುತ್ತದಲ್ಲ, ಅದನ್ನು ಗಮನಿಸಿ. ಅಲ್ಲೇ ಗೆರೆ, ಚುಕ್ಕಿ ಕಂಡರೆ ಕಾರ್ಡೋ ಕೇಬಲ್ಲೋ ಮಾನಿಟರೋ ಕೆಟ್ಟಿದೆ. ಯಾಕೆಂದರೆ ವಿಂಡೋಸ್ ಡ್ರೈವರ್ ಆಗ ಇನ್ನೂ ಎದ್ದಿರುವುದಿಲ್ಲ. ಗುರುತು ಶುದ್ಧವಾಗಿ ಬಂದು, ವಿಂಡೋಸ್ ಬಂದ ಮೇಲೆ ಕೆಟ್ಟರೆ ಮೊದಲ ಅನುಮಾನ ಡ್ರೈವರಿನ ಮೇಲೆ. ಅವಳದ್ದು ಕನ್ನಡಿಯ ಹಾಗೆ ಬಂತು. ಆಮೇಲೆ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟು ಸೇಫ್ ಮೋಡಿಗೆ ಹೋದೆವು. ಅಲ್ಲಿ ವಿಂಡೋಸ್ ತನ್ನ ಸಾದಾ ಡ್ರೈವರಿನಲ್ಲೇ ನಡೆಯುತ್ತದೆ. ಅರ್ಧ ಗಂಟೆ ಬಿಟ್ಟೆವು. ಒಂದು ಸಲವೂ ಕಪ್ಪಾಗಲಿಲ್ಲ. ಅವಳ ಅಪ್ಪ ಬಂದು ಹಿಂದೆ ನಿಂತಿದ್ದರು. ‘ಹಾಗಾದರೆ ಕಾರ್ಡ್ ಸರಿ ಇದೆಯಾ?’ ಅಂದರು. ಸರಿ ಇರುವ ಹಾಗೇ ಕಾಣುತ್ತದೆ ಅಂದೆ.

ಈಗ ಪೆನ್ನು ತೆಗೆದುಕೊಳ್ಳಿ. ಹೊಸ ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಎನ್‌ವಿಡಿಯಾ, ಎಎಮ್‌ಡಿ, ಇಂಟೆಲ್, ಯಾವುದು ನಿಮ್ಮದೋ ಆ ಕಂಪನಿಯ ಸ್ವಂತ ವೆಬ್‌ಸೈಟಿನಿಂದ ಮಾತ್ರ. ಎನ್‌ವಿಡಿಯಾದ್ದಾದರೆ ಅರ್ಧ ಜಿಬಿಗೂ ಜಾಸ್ತಿ ಇರುತ್ತದೆ. ನಿಮ್ಮ ಊರಿನ ನೆಟ್ ಎಳೆಯದಿದ್ದರೆ ಪೇಟೆಯಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತನ್ನಿ. ಆಮೇಲೆ ಮನೆಯ ವೈಫೈ ಆರಿಸಿ. ಇದನ್ನು ಮರೆಯಬೇಡಿ. ನೆಟ್ ಇದ್ದರೆ ನೀವು ಒಂದನ್ನು ತೆಗೆಯುವಷ್ಟರಲ್ಲಿ ವಿಂಡೋಸ್ ಇನ್ನೊಂದನ್ನು ತಂದು ಕೂರಿಸುತ್ತದೆ. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಅಂತ ಒಂದು ಉಚಿತ ಸಾಧನ ಇದೆ, ಚುಟುಕಾಗಿ ಡಿಡಿಯು ಅನ್ನುತ್ತಾರೆ. ಅದನ್ನೂ ಮೊದಲೇ ಇಳಿಸಿಟ್ಟುಕೊಂಡು ಸೇಫ್ ಮೋಡಿನಲ್ಲಿ ಓಡಿಸಿದರೆ ಹಳೆಯದನ್ನು ಬೇರು ಸಮೇತ ಕೀಳುತ್ತದೆ. ರೀಸ್ಟಾರ್ಟ್ ಆದಾಗ ಐಕಾನ್ ದಪ್ಪಗೆ ಕಾಣಬಹುದು, ಗಾಬರಿಯಾಗಬೇಡಿ, ತೋಟದಲ್ಲಿ ಈಗ ಮೇಸ್ತ್ರಿ ಇಲ್ಲ ಅಷ್ಟೇ. ಹೊಸದು ಹಾಕಿ, ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ, ಆಮೇಲೆ ನೆಟ್ ಕೊಡಿ.

ನಾಪೋಕ್ಲಿನಲ್ಲಿ ಮಾಡಿದ್ದು ಇಷ್ಟೇ. ಆ ಹುಡುಗಿ ನಕ್ಷೆ ತೆರೆದಳು. ಕೊಡವರ ಹಿರಿಯರ ಮನೆಯಾದ ಐನ್‌ಮನೆಯೊಂದರ ಚಿತ್ರ, ಕೆತ್ತನೆಯ ಕಂಬ, ನಡುವೆ ಅಂಗಳ. ಮೆಲ್ಲಗೆ ತಿರುಗಿಸಿದಳು. ಜೋರಾಗಿ ತಿರುಗಿಸಿದಳು. ಪರದೆ ಕಪ್ಪಾಗಲಿಲ್ಲ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನಿನ್ನೆ ಸರಿ ಇತ್ತು, ಅಪ್‌ಡೇಟ್ ಆದ ಮೇಲೆ ಕೆಟ್ಟಿತು ಅನ್ನುವವರು ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿವೈಸ್ ಮ್ಯಾನೇಜರಿಗೆ ಹೋಗಿ. ಡಿಸ್‌ಪ್ಲೇ ಅಡಾಪ್ಟರ್ ಕೆಳಗೆ ನಿಮ್ಮ ಕಾರ್ಡಿನ ಪ್ರಾಪರ್ಟೀಸ್ ತೆರೆದರೆ, ಡ್ರೈವರ್ ಅನ್ನುವ ಕಡೆ ರೋಲ್ ಬ್ಯಾಕ್ ಇರುತ್ತದೆ. ಒತ್ತಿದರೆ ಹಿಂದಿನ ಡ್ರೈವರ್ ವಾಪಸ್. ಪರದೆ ಸುಮ್ನೆ ಕಪ್ಪಾಗಿ ನಿಂತುಬಿಟ್ಟರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ, ನಾಲ್ಕೂ ಒಟ್ಟಿಗೆ ಒತ್ತಿ. ಡ್ರೈವರ್ ಮಾತ್ರ ಹೊಸದಾಗಿ ಏಳುತ್ತದೆ, ನಿಮ್ಮ ಕೆಲಸ ಹಾಗೇ ಇರುತ್ತದೆ.

ಲ್ಯಾಪ್‌ಟಾಪ್ ಇದ್ದವರು ಮೊದಲು ಅದನ್ನು ಮಾಡಿದ ಕಂಪನಿಯ ವೆಬ್‌ಸೈಟ್ ನೋಡಿ, ಅಡಿಯಲ್ಲಿ ಅಂಟಿಸಿರುವ ಮಾಡೆಲ್ ನಂಬರ್ ಹಾಕಿ ಹುಡುಕಿ. ಎನ್‌ವಿಡಿಯಾದ ಜಿಟಿಎಕ್ಸ್ 660, 760, 780 ತರಹದ ಹಳೆಯ ಕಾರ್ಡಿದ್ದರೆ ಇವತ್ತಿನ ಹೊಸ ಡ್ರೈವರ್ ಹುಡುಕಬೇಡಿ. ಅವುಗಳಿಗೆ ಹೊಸ ಗೇಮ್ ಡ್ರೈವರ್ ಬರುವುದು 2021ರಲ್ಲೇ ನಿಂತಿದೆ. ಆಗಿನ 470ರ ಸಾಲಿನ ಡ್ರೈವರನ್ನೇ ಹಾಕಿ. ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿಗೆ, ಅಂದರೆ ಕಂಪ್ಯೂಟರಿನ ಮುಖ್ಯ ಬೋರ್ಡಿಗೆ ಚುಚ್ಚಿ, ಕಾರ್ಡ್ ಕೆಲಸ ಮಾಡುತ್ತಿಲ್ಲ ಅಂತ ನನಗೆ ಫೋನ್ ಮಾಡುವವರು ಎಷ್ಟೋ ಜನ. ಕೇಬಲ್ ಕಾರ್ಡಿಗೇ ಚುಚ್ಚಬೇಕು. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಡ್ರೈವರ್ ಹಾಕಲು ಕೂರಬೇಡಿ. ನಡುವೆ ಕರೆಂಟ್ ಹೋದರೆ ಅರ್ಧ ಡ್ರೈವರ್ ಒಳಗೆ ಉಳಿದುಬಿಡುತ್ತದೆ. ಹಾಗೇನಾದರೂ ಆದರೆ ಮತ್ತೆ ಮೊದಲಿನಿಂದ. ನೆಟ್ ಆರಿಸಿ, ಹಳೆಯದನ್ನು ಪೂರ್ತಿ ತೆಗೆಯಿರಿ, ಆಮೇಲೆ ಹೊಸದು ಹಾಕಿ.

ನಮಸ್ಕಾರ.