‘ಏನೂ ಮಾಡಲ್ಲ, ಬನ್ನಿ’ ಅಂದರೆ ಸಾಕೇ?

ಕೇಳುಗರೇ, ನಮಸ್ಕಾರ.

ನಮ್ಮ ಮಲೆನಾಡಿನಲ್ಲಿ ನಾಯಿ ಇಲ್ಲದ ಮನೆ ಕಡಿಮೆ. ತೀರ್ಥಹಳ್ಳಿ, ಹೊಸನಗರದ ಕಡೆ ಒಂಟಿ ಮನೆಗಳೇ ಜಾಸ್ತಿ. ತೋಟಕ್ಕೆ ಮಂಗ, ಗದ್ದೆಗೆ ಹಂದಿ. ರಾತ್ರಿ ಅಂಗಳಕ್ಕೆ ಯಾರು ಬಂದರೂ ಮೊದಲು ತಿಳಿಯುವುದು ನಾಯಿಗೇ. ನಾಯಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇರೆಯವರು ಮನೆಗೆ ಬಂದಾಗ ಅದನ್ನು ಹಿಡಿದು ನಿಲ್ಲಿಸುವ ಕೆಲಸವೂ ನಮ್ಮದೇ ಅಲ್ವಾ?

ಉಣುಗೋಲಿನ, ಅಂದರೆ ಅಂಗಳದ ಗೇಟಿನ, ಹತ್ತಿರ ಯಾರೋ ಬಂದು ನಿಲ್ಲುತ್ತಾರೆ. ನಾವು ಜಗಲಿಯಲ್ಲಿ ಕೂತಲ್ಲಿಂದಲೇ ಕೂಗುತ್ತೇವೆ: ‘ಏನೂ ಮಾಡಲ್ಲ, ಬನ್ನಿ ಬನ್ನಿ.’ ನಾಯಿ ಹಲ್ಲು ಕಿರಿದು ಅವರೆದುರಿಗೇ ನಿಂತಿರುತ್ತದೆ. ಬಂದವರು ಪೋಸ್ಟಿನವರಿರಬಹುದು, ಕರೆಂಟ್ ಮೀಟರ್ ನೋಡುವವರಿರಬಹುದು, ಆಶಾ ಕಾರ್ಯಕರ್ತೆಯಿರಬಹುದು. ಪಾಪ, ಅವರಿಗೆ ನಮ್ಮ ಮಾತಿನ ಮೇಲೆ ಹೇಗೆ ನಂಬಿಕೆ ಬರಬೇಕು? ನಿಜ ಹೇಳಬೇಕೆಂದರೆ ನಮಗೂ ಪೂರ್ತಿ ಗೊತ್ತಿರುವುದಿಲ್ಲ. ಮರಿ ಹಾಕಿದ ನಾಯಿ, ಅನ್ನದ ಮುಂದಿರುವ ನಾಯಿ, ಎಲ್ಲೋ ನೋವಾಗಿರುವ ನಾಯಿ ಎಷ್ಟು ಸಾಧುವಾದರೂ ಕಚ್ಚಬಹುದು. ಬಾಲ ಅಲ್ಲಾಡಿಸಿತೆಂದು ಧೈರ್ಯ ಮಾಡುವಂತಿಲ್ಲ. ಗಾಬರಿಯಾದಾಗಲೂ ಸಿಟ್ಟು ಬಂದಾಗಲೂ ಬಾಲ ಅಲ್ಲಾಡುತ್ತದೆ. ಅದಕ್ಕೇ ಎದ್ದು ಹೋಗಿ, ಕೊರಳಪಟ್ಟಿ ಹಿಡಿದುಕೊಂಡು, ಆಮೇಲೆ ‘ಬನ್ನಿ’ ಅನ್ನಿ. ಉಣುಗೋಲಿಗೆ ಒಂದು ಗಂಟೆ ಕಟ್ಟಿದರೆ ಬಂದವರು ಹೊರಗಿನಿಂದಲೇ ಬಾರಿಸಬಹುದು.

ಹಾಗಂತ ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದೂ ತಪ್ಪು. ಕಟ್ಟಿದಲ್ಲೇ ಇರುವ ನಾಯಿಗೆ ಸಿಟ್ಟು ಹೆಚ್ಚುತ್ತದೆ, ಬಿಚ್ಚಿದ ಕೂಡಲೇ ಮೈಮೇಲೆ ಹಾರುತ್ತದೆ. ಸದಾ ಕಟ್ಟಿರುವ ನಾಯಿಗೆ ಓಡಾಟ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಹಿಂಸೆಯೇ. ಎರಡು ಕಂಬದ ನಡುವೆ ಉದ್ದಕ್ಕೆ ತಂತಿ ಎಳೆದು, ಅದಕ್ಕೊಂದು ಬಳೆ ಸೇರಿಸಿ, ಸರಪಳಿಯನ್ನು ಆ ಬಳೆಗೆ ಹಾಕಿ. ನಾಯಿ ಅತ್ತಿಂದಿತ್ತ ಓಡಾಡಿಕೊಂಡಿರುತ್ತದೆ, ದಾರಿಗೂ ಹೋಗುವುದಿಲ್ಲ. ರಾತ್ರಿ ಮಾತ್ರ ಹೊರಗೆ ಕಟ್ಟಬೇಡಿ. ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ಗಟ್ಟಿ ಬಾಗಿಲಿನ ಗೂಡೋ ಕೊಟ್ಟಿಗೆಯೋ ಬೇಕು.

ಇನ್ನು ರಸ್ತೆ. ಬೈಕ್ ಕಂಡರೆ ಅಟ್ಟಿಸಿಕೊಂಡು ಹೋಗುವ ನಾಯಿಯನ್ನು ನೋಡಿ ನಗುವವರಿದ್ದಾರೆ. ಮಳೆಗಾಲದ ನಮ್ಮ ತಿರುವುಗಳಲ್ಲಿ ಬೈಕ್ ಜಾರಿದರೆ ಜೀವವೇ ಹೋಗಬಹುದು. ಶಾಲೆಗೆ ನಡೆದು ಹೋಗುವ ಮಕ್ಕಳು ಹೆದರಿ ಓಡುತ್ತಾರೆ, ಓಡಿದರೆ ನಾಯಿ ಇನ್ನೂ ಜೋರಾಗಿ ಅಟ್ಟುತ್ತದೆ. ಓಡದೆ, ಕಣ್ಣಿಗೆ ಕಣ್ಣಿಟ್ಟು ನೋಡದೆ, ಸುಮ್ನೆ ನಿಲ್ಲುವುದನ್ನು ಮಕ್ಕಳಿಗೆ ಕಲಿಸೋಣ. ಆದರೆ ನಾಯಿಯನ್ನು ದಾರಿಗೆ ಬಿಟ್ಟ ದೊಡ್ಡವರ ತಪ್ಪನ್ನು ಮಕ್ಕಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಾಕಿದ ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ, ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಮರಿಗೆ ಮೂರು ತಿಂಗಳಾದಾಗ ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿ. ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷವೂ ಹಾಕಿಸಿ, ಚೀಟಿ ಜೋಪಾನವಾಗಿಡಿ.

ಇಷ್ಟಾಗಿಯೂ ನಿಮ್ಮ ನಾಯಿ ಯಾರನ್ನಾದರೂ ಕಚ್ಚಿತು ಅಂತಿಟ್ಟುಕೊಳ್ಳಿ. ‘ಹಲ್ಲು ತಾಗಿದ್ದಷ್ಟೇ’ ಎಂದು ವಾದಕ್ಕೆ ನಿಲ್ಲಬೇಡಿ. ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ ಏನೂ ಬೇಡ. ನಿಮ್ಮದೇ ಗಾಡಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಅದಕ್ಕೇ ಡಾಕ್ಟರು ಬರೆದುಕೊಟ್ಟ ಚುಚ್ಚುಮದ್ದನ್ನು ಒಂದೂ ತಪ್ಪಿಸುವಂತಿಲ್ಲ.

ಕಚ್ಚಿದ ನಾಯಿಯನ್ನು ಹೊಡೆದು ಸಾಯಿಸಬೇಡಿ, ಕಾಡಿಗೆ ಬಿಟ್ಟು ಬರಲೂಬೇಡಿ. ಕಟ್ಟಿ, ಅನ್ನ ನೀರು ಕೊಟ್ಟು 10 ದಿನ ಗಮನಿಸಿ. ರೇಬೀಸ್ ಇದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಮಂಕಾದರೆ, ಜೊಲ್ಲು ಸುರಿಸಿದರೆ ಆಗಲೇ ಪಶುವೈದ್ಯರಿಗೆ ಹೇಳಿ. ಕಚ್ಚಿಸಿಕೊಂಡವರ ಮನೆಗೂ ದಿನಾ ಹೋಗಿ ನಾಯಿ ಹೇಗಿದೆ ಎಂದು ತಿಳಿಸಿ. ಆ 10 ದಿನ ಮುಗಿಯಲಿ ಎಂದು ಅವರು ಮಾತ್ರ ಕಾಯಬಾರದು, ಚುಚ್ಚುಮದ್ದು ಮೊದಲ ದಿನವೇ ಶುರುವಾಗಬೇಕು.

ನಮಸ್ಕಾರ.