ಬಚ್ಚಲ ನೊಣ ಮತ್ತು ಜಾಲಿಯ ಕೆಳಗಿನ ಲೋಳೆ

ಎಲ್ಲರಿಗೂ ನಮಸ್ಕಾರ.

ಅಪಾರ್ಟ್‌ಮೆಂಟಿನ ಸಂಘದವರು ಕರೆದು, "ಬಚ್ಚಲ ನೊಣದ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿ" ಅಂದಾಗ ಖುಷಿಯಿಂದ ಒಪ್ಪಿಕೊಂಡೆ. ಕಟ್ಟಡಗಳ ನೀರು, ಒಳಚರಂಡಿ ನೋಡಿಕೊಳ್ಳುವ ಕೆಲಸದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಎಲ್ಲಿಗೆ ಹೋದರೂ ಇದರ ಬಗ್ಗೆ ಬರುವ ದೂರು ಒಂದೇ ಥರ. "ಸ್ಪ್ರೇ ಹೊಡೆದೆವು, ಎರಡು ದಿನ ಕಾಣಲಿಲ್ಲ, ಮತ್ತೆ ಬಂದವು." ಯಾಕೆ ಮತ್ತೆ ಬರುತ್ತವೆ ಅಂತ ತಿಳಿದರೆ ಓಡಿಸುವುದು ಕಷ್ಟವಲ್ಲ, ಖರ್ಚೂ ಜಾಸ್ತಿ ಇಲ್ಲ.

ಮೊದಲು ನೊಣವನ್ನು ಸರಿಯಾಗಿ ನೋಡೋಣ. ಬೆಳಗ್ಗೆ ಬಾತ್‌ರೂಮಿನ ಟೈಲ್ಸ್ ಮೇಲೆ, ಕನ್ನಡಿಯ ಪಕ್ಕ, ಬಾಗಿಲ ಹಿಂದೆ ಬೂದು ಬಣ್ಣದ ಪುಟ್ಟ ಹುಳ ಸುಮ್ನೆ ಕೂತಿರುತ್ತದೆ. ಗಾತ್ರ 2ರಿಂದ 5 ಮಿಲಿಮೀಟರ್. ಎರಡೂ ರೆಕ್ಕೆ ಸೇರಿ ಹೃದಯದ ಆಕಾರ ಆಗಿರುತ್ತದೆ. ಮೈ, ರೆಕ್ಕೆ ಎಲ್ಲ ಕಡೆ ಸಣ್ಣ ಕೂದಲು. ಆ ಕೂದಲು ನೀರನ್ನು ಹತ್ತಿರ ಬಿಡುವುದಿಲ್ಲ, ಅದಕ್ಕೇ ಒದ್ದೆ ಗೋಡೆಯ ಮೇಲೂ ಅದು ಆರಾಮಾಗಿ ಇರುತ್ತದೆ. ಬೆರಳಲ್ಲಿ ಒತ್ತಿದರೆ ಬೂದು ಪುಡಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಹಾರಿದರೂ ದೂರ ಹೋಗುವುದಿಲ್ಲ, ಎರಡು ಅಡಿ ಆಚೆ ಕೂರುತ್ತದೆ. ರೆಕ್ಕೆಯ ಅಂಚಿನಲ್ಲಿ ಚಿಕ್ಕ ಬಿಳಿ ಚುಕ್ಕೆಗಳಿದ್ದರೆ ಅದು ಕ್ಲಾಗ್ಮಿಯಾ ಆಲ್ಬಿಪಂಕ್ಟೇಟಾ ಅನ್ನುವ ಜಾತಿ. ಬಿಸಿ ಪ್ರದೇಶದ ನೊಣ, ಈಗ ಪ್ರಪಂಚದ ಎಲ್ಲ ಕಡೆ ಬಾತ್‌ರೂಮುಗಳಲ್ಲಿ ಇದೆ. ಅಡುಗೆಮನೆಯಲ್ಲಿ ಬಾಳೆಹಣ್ಣಿನ ಸುತ್ತ ಹಾರಾಡುವ ಕಂದು ಬಣ್ಣದ ನೊಣ ಬೇರೆ. ಅದಕ್ಕೆ ಹಣ್ಣು ಮುಚ್ಚಿಟ್ಟು, ಕಸದ ಡಬ್ಬಿ ಖಾಲಿ ಮಾಡಿದರೆ ಸಾಕು.

ಕಚ್ಚುತ್ತದಾ? ಇಲ್ಲ. ಇದೇ ಕುಟುಂಬಕ್ಕೆ ಸೇರಿದ ಮರಳು ನೊಣ ಕಚ್ಚುತ್ತದೆ, ಬಿಹಾರ, ಜಾರ್ಖಂಡ್ ಕಡೆ ಕಾಲಾ ಅಜಾರ್ ಅನ್ನುವ ಜ್ವರದ ರೋಗ ಹರಡುವುದು ಅದು. ಇಬ್ಬರೂ ನೆಂಟರು ಅಂತ ಓದಿ ಗಾಬರಿಯಾದವರಿದ್ದಾರೆ. ಬಚ್ಚಲ ನೊಣಕ್ಕೆ ಆ ರೋಗದ ಸಂಬಂಧವಿಲ್ಲ. ಹಾಗಂತ ಬಿಟ್ಟುಬಿಡುವ ಹಾಗೂ ಇಲ್ಲ. ಅದು ಹುಟ್ಟುವುದೇ ಕೊಳಕಿನಲ್ಲಿ. ಜರ್ಮನಿಯ ಆಸ್ಪತ್ರೆಗಳಲ್ಲಿ ಹಿಡಿದ ಇಂಥ ನೊಣಗಳಲ್ಲಿ ರೋಗ ತರಬಲ್ಲ ಬ್ಯಾಕ್ಟೀರಿಯಾ ಸಿಕ್ಕಿವೆ. ಜಾಸ್ತಿ ಇರುವ ಕಡೆ ಸತ್ತ ನೊಣಗಳ ಪುಡಿ ಗಾಳಿಯಲ್ಲಿ ಸೇರಿ, ಆಸ್ತಮಾ ಇರುವವರಿಗೆ ತೊಂದರೆ ಕೊಡಬಹುದು. ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆಯವರು ಇದನ್ನು ಹಗುರವಾಗಿ ತಗೋಬೇಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗೋಡೆಯ ಮೇಲೆ ಕಾಣುವ ನೊಣ ಎರಡು ವಾರದಲ್ಲಿ ತಾನಾಗಿಯೇ ಸಾಯುತ್ತದೆ. ನಿಮಗೆ ಕಾಟ ಕೊಡುತ್ತಿರುವುದು ಅದರ ಮರಿಗಳಿಗೆ ಊಟ ಹಾಕುತ್ತಿರುವ ಲೋಳೆ. ಸೋಪಿನ ಜಿಡ್ಡು, ಕೂದಲು, ಎಣ್ಣೆಯ ಪಸೆ, ಮೈಯಿಂದ ಉದುರಿದ ಚರ್ಮದ ಹೊಟ್ಟು ಎಲ್ಲ ಪೈಪಿನ ಒಳಗೋಡೆಗೆ ಅಂಟುತ್ತವೆ. ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆದು ಲೋಳೆಯ ಪದರ ಕಟ್ಟುತ್ತದೆ. ಹೆಣ್ಣು ನೊಣ ಅದರಲ್ಲಿ ಒಂದು ಸಲಕ್ಕೆ 30ರಿಂದ 100 ಮೊಟ್ಟೆ ಇಡುತ್ತದೆ. ಎರಡು ದಿನದೊಳಗೆ ಮೊಟ್ಟೆ ಒಡೆಯುತ್ತದೆ. ಮರಿಹುಳ 9ರಿಂದ 15 ದಿನ ಲೋಳೆ ತಿಂದು ಬೆಳೆಯುತ್ತದೆ. ಆಮೇಲೆ ಒಂದೆರಡು ದಿನ ಕೋಶದಲ್ಲಿದ್ದು ನೊಣವಾಗಿ ಹೊರಬರುತ್ತದೆ. ಸ್ಪ್ರೇ ಹೊಡೆದಾಗ ಸಾಯುವುದು ಹೊರಗಿರುವ ನಾಲ್ಕು ನೊಣ. ಒಳಗಿನ ಸಂಸಾರಕ್ಕೆ ಏನೂ ಆಗಿರುವುದಿಲ್ಲ.

ಇದನ್ನು ನಂಬಬೇಕಾದರೆ ಒಮ್ಮೆ ನಹಾನಿ ಟ್ರ್ಯಾಪ್, ಅಂದರೆ ಬಾತ್‌ರೂಮಿನ ನೆಲದಲ್ಲಿ ನೀರು ಹೋಗುವ ಬಾಯಿ, ಬಿಚ್ಚಿ ನೋಡಬೇಕು. ಸ್ಟೀಲ್ ಜಾಲಿ ಎತ್ತಿದರೆ ಅದರ ಕೆಳಮೈ ಕಪ್ಪಗಿರುತ್ತದೆ. ಅದರೊಳಗಿನ ಬಟ್ಟಲನ್ನು ಎತ್ತಿ, ಗೋಡೆಯ ಲೋಳೆಯನ್ನು ಹಳೆ ಟೂತ್‌ಬ್ರಷ್‌ನಿಂದ ಕೆರೆದು ಬಿಳಿ ತಟ್ಟೆಗೆ ಹಾಕಿ, ಸ್ವಲ್ಪ ನೀರು ಬಿಟ್ಟು ಬೆಳಕಿಗೆ ಹಿಡಿಯಿರಿ. ಮೊದಲು ಬರೀ ಕೂದಲು, ಕೊಳೆ ಕಾಣುತ್ತದೆ. ಅರ್ಧ ನಿಮಿಷ ಕಾದರೆ ಅದರಲ್ಲಿ ಕೆಲವು ದಾರದ ಎಳೆಗಳು ಮುರುಟಿಕೊಂಡು ಅಲ್ಲಾಡಲು ಶುರುಮಾಡುತ್ತವೆ. ಮಾಸಲು ಬಣ್ಣ, ತುದಿಗಳು ಮಾತ್ರ ಕಪ್ಪು. ಬಾಲದ ತುದಿಯಲ್ಲಿ ಒಂದು ಉಸಿರಾಟದ ನಳಿಕೆ ಇರುತ್ತದೆ. ತಲೆ ಲೋಳೆಯೊಳಗೆ ಹೂತಿದ್ದರೂ ಬಾಲ ಮೇಲೆ ಚಾಚಿ ಉಸಿರಾಡುತ್ತವೆ. ಮೇಲಿಂದ ಒಂದು ಚೊಂಬು ಬಿಸಿನೀರು ಸುರಿದರೆ, ಫಿನಾಯಿಲ್ ಹಾಕಿದರೆ ಇವು ಸಾಯುವುದಿಲ್ಲ ಅಂತ ಆಗ ಅರ್ಥವಾಗುತ್ತದೆ. ಲೋಳೆಯೇ ಇವಕ್ಕೆ ಗುರಾಣಿ.

ಮನೆಯಲ್ಲಿ ಆರೇಳು ಕಡೆ ನೀರು ಹೋಗುವ ಬಾಯಿ ಇರುತ್ತದೆ. ಯಾವುದರಿಂದ ಬರುತ್ತಿದೆ ಅಂತ ಮೊದಲು ಪತ್ತೆ ಹಚ್ಚಿ. ರಾತ್ರಿ ಎಲ್ಲ ಕೆಲಸ ಮುಗಿದ ಮೇಲೆ ಜಾಲಿಯ ಸುತ್ತ ಒರೆಸಿ, ಅಗಲವಾದ ಪಾರದರ್ಶಕ ಟೇಪನ್ನು ಅಂಟು ಕೆಳಮುಖವಾಗಿ ಇರುವಂತೆ ಹಚ್ಚಿ. ಪೂರ್ತಿ ಮುಚ್ಚಬೇಡಿ, ಗಾಳಿಯಾಡಲು ಸ್ವಲ್ಪ ಜಾಗ ಬಿಡಿ. ಮೂರ್ನಾಲ್ಕು ರಾತ್ರಿ ಹೀಗೆ ಮಾಡಿ. ಯಾವ ಟೇಪಿಗೆ ನೊಣ ಅಂಟಿದೆಯೋ ಅದೇ ಜಾಗ. ವಾಶ್‌ಬೇಸಿನ್ನಿನ ಮೇಲ್ಭಾಗದಲ್ಲಿ ಹೆಚ್ಚುವರಿ ನೀರು ಹೋಗಲು ಸಣ್ಣ ತೂತು ಇರುತ್ತದಲ್ವಾ, ಅದಕ್ಕೂ ಹಚ್ಚಿ. ಎಷ್ಟೋ ಜನ ಅದನ್ನು ಮರೆತುಬಿಡುತ್ತಾರೆ.

ಸಿಕ್ಕಿತು ಅಂದುಕೊಳ್ಳಿ. ಇನ್ನು ಉಜ್ಜುವ ಕೆಲಸ. ಜಾಲಿ, ಬಟ್ಟಲು ಹೊರಗೆ ತೆಗೆದು ಬಟ್ಟೆ ಸೋಪಿನ ಪುಡಿ ಹಾಕಿದ ಬಿಸಿನೀರಿನಲ್ಲಿ ನೆನೆಸಿ. ಕೈಗೆ ಗ್ಲೌಸ್ ಹಾಕಿಕೊಂಡು ಒಳಗಿನ ಕೂದಲನ್ನೆಲ್ಲ ಎತ್ತಿ ಕಸಕ್ಕೆ ಹಾಕಿ. ಉದ್ದ ಹಿಡಿಯ ಬಾಟಲ್ ಬ್ರಷ್ ಇಳಿಸಿ ಪೈಪಿನ ಗೋಡೆಯನ್ನು ಸುತ್ತಲೂ ಉಜ್ಜಿ. ಕೈ ಹೋಗುವಷ್ಟು ದೂರವೂ ಉಜ್ಜಿ, ಇಲ್ಲಿ ಅವಸರ ಮಾಡಬೇಡಿ. ಆಮೇಲೆ ಬಕೆಟ್ ತುಂಬ ಬಿಸಿನೀರು ಒಂದೇ ಸಲ ಸುರಿಯಿರಿ. ಕುದಿಯುವ ನೀರು ಬೇಡ, ಪಿವಿಸಿ ಪೈಪು 80 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ, ಜಾಯಿಂಟ್ ಬಿಡುತ್ತದೆ. ಬ್ರಷ್ ಹೋಗದ ತಿರುವುಗಳಿಗೆ ಅಂಗಡಿಯಲ್ಲಿ ಸಿಗುವ ಎನ್‌ಜೈಮ್ ಕ್ಲೀನರ್ ಒಳ್ಳೆಯದು. ರಾತ್ರಿ ಹಾಕಿ ಬಿಟ್ಟರೆ ಅದು ಲೋಳೆಯನ್ನು ಕರಗಿಸುತ್ತದೆ. ಅಡುಗೆ ಸೋಡಾ, ವಿನೆಗರ್ ಹಾಕಿದರೆ ನೊರೆ ಬರುತ್ತದೆ, ನೋಡಲು ಚೆನ್ನ. ಎರಡೂ ಒಂದರ ಶಕ್ತಿಯನ್ನು ಇನ್ನೊಂದು ಕಳೆದುಬಿಡುತ್ತವೆ. ಅದನ್ನೇ ನಂಬಿ ಬ್ರಷ್ ಬಿಟ್ಟರೆ ನೊಣ ಹೋಗುವುದಿಲ್ಲ.

ಒಂದು ಮಾತು ದಯವಿಟ್ಟು ಕಿವಿಗೆ ಹಾಕಿಕೊಳ್ಳಿ. ಕೋಪದಲ್ಲಿ ಮನೆಯಲ್ಲಿರುವುದನ್ನೆಲ್ಲ ಒಟ್ಟಿಗೆ ಸುರಿಯುವವರಿದ್ದಾರೆ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಚಿಕ್ಕ ಬಾತ್‌ರೂಮಿನಲ್ಲಿ ಅದನ್ನು ಉಸಿರಾಡಿದರೆ ಜೀವಕ್ಕೇ ಅಪಾಯ. ಮನೆಕೆಲಸಕ್ಕೆ ಬರುವ ಅಕ್ಕಂದಿರಿಗೂ ಇದನ್ನು ಬಿಡಿಸಿ ಹೇಳಿ, ಉಜ್ಜುವ ಕೆಲಸ ಅವರಿಗೆ ಒಪ್ಪಿಸಿದರೆ ಗ್ಲೌಸ್ ನೀವೇ ತಂದುಕೊಡಿ. ಹಾಗೆ ಸುರಿಯಬಾರದು ಅನ್ನಲು ಇನ್ನೊಂದು ಕಾರಣವೂ ಇದೆ. ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ ಇರುವ ಅಪಾರ್ಟ್‌ಮೆಂಟಿನಲ್ಲಿ ಆ ಕೆಲಸ ಮಾಡುವುದೇ ಬ್ಯಾಕ್ಟೀರಿಯಾ. ಎಲ್ಲ ಮನೆಯವರೂ ಬ್ಲೀಚ್, ಆಸಿಡ್ ಸುರಿದರೆ ಅವು ಸಾಯುತ್ತವೆ, ಘಟಕ ನಾರುತ್ತದೆ.

ಉಜ್ಜಿದ ಮಾರನೇ ದಿನವೂ ನೊಣ ಕಾಣುತ್ತದೆ. ಬೇಸರ ಮಾಡಿಕೊಳ್ಳಬೇಡಿ. ಆಗಲೇ ರೆಕ್ಕೆ ಬಂದವು ಇನ್ನೂ ಇರುತ್ತವೆ. ಅವನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ, ಇಲ್ಲವೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಮೂರು ವಾರ ವಾರಕ್ಕೆರಡು ಸಲ ಉಜ್ಜುತ್ತಾ ಬಂದರೆ ಸಂತತಿ ಮುರಿಯುತ್ತದೆ. ಆಮೇಲೆ ತಿಂಗಳಿಗೆ ಒಂದೆರಡು ಸಲ ಸಾಕು.

ಅಷ್ಟಾದರೂ ಹೋಗದಿದ್ದರೆ ಮೂರು ಕಡೆ ನೋಡಬೇಕು. ಮೊದಲನೆಯದು, ಬಳಸದ ಬಾತ್‌ರೂಮು. ಟ್ರ್ಯಾಪಿನೊಳಗೆ ಸುಮಾರು 50 ಮಿಲಿಮೀಟರ್ ನೀರು ನಿಂತು ಕೆಳಗಿನ ಗಾಳಿಯನ್ನು ತಡೆಯುತ್ತದೆ. ನೆಂಟರು ಬಂದಾಗ ಮಾತ್ರ ತೆರೆಯುವ ಬಾತ್‌ರೂಮಿನಲ್ಲಿ ಬೇಸಿಗೆಯಲ್ಲಿ ಆ ನೀರು ಆರಿಹೋಗುತ್ತದೆ. ಚರಂಡಿಯ ನೊಣಕ್ಕೂ ಜಿರಳೆಗೂ ಬಾಗಿಲು ತೆರೆದ ಹಾಗೆ. ವಾರಕ್ಕೊಂದು ಮಗ್ ನೀರು ಹಾಕಿ. ತಿಂಗಳುಗಟ್ಟಲೆ ಊರಿಗೆ ಹೋಗುವುದಾದರೆ ನೀರಿನ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಬಿಡಿ, ಬೇಗ ಆರುವುದಿಲ್ಲ. ನೀರು ನಿಧಾನ ಹೋಗುತ್ತದೆ ಅಂತ ಬಟ್ಟಲನ್ನೇ ಕಿತ್ತೆಸೆದ ಮನೆಗಳೂ ಇವೆ. ಅಂಥ ಟ್ರ್ಯಾಪುಗಳಲ್ಲಿ ನೀರು ತಡೆಯಲು ಇರುವುದೇ ಆ ಬಟ್ಟಲು, ಅದನ್ನು ವಾಪಸ್ ಹಾಕಿಸಿ.

ಎರಡನೆಯದು, ಬಚ್ಚಲಲ್ಲದ ಒದ್ದೆ ಜಾಗ. ವಾಷಿಂಗ್ ಮೆಷಿನ್ನಿನ ಹಿಂದೆ, ಎಸಿ ನೀರಿನ ಪೈಪು, ಫ್ರಿಜ್ ಹಿಂದಿನ ಟ್ರೇ, ಬಾಲ್ಕನಿಯ ಹೂಕುಂಡದ ತಟ್ಟೆ.

ಮೂರನೆಯದೇ ತಲೆನೋವಿನದು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಬಾತ್‌ರೂಮಿನ ನೆಲವನ್ನು ತಗ್ಗಿಸಿ, ಅದರಲ್ಲಿ ಪೈಪು ಮಲಗಿಸಿ, ಇಟ್ಟಿಗೆ ಚೂರು ತುಂಬಿ ಮೇಲೆ ಟೈಲ್ಸ್ ಹಾಕುತ್ತಾರೆ. ಸಂಕನ್ ಸ್ಲ್ಯಾಬ್ ಅನ್ನುವುದು ಇದಕ್ಕೇ. ಒಳಗೆ ಜಾಯಿಂಟ್ ಸೋರಿದರೆ ಅಥವಾ ಟೈಲ್ಸ್ ಸಂದಿನ ಗ್ರೌಟ್ ಎದ್ದು ಸೋಪುನೀರು ಇಳಿದರೆ, ಆ ಇಟ್ಟಿಗೆ ಚೂರುಗಳ ನಡುವೆ ಕೊಳಕು ನೀರು ನಿಲ್ಲುತ್ತದೆ. ನೊಣಗಳು ಜಾಲಿಯಿಂದ ಬರದೆ ಕಮೋಡಿನ ಬುಡದಿಂದ, ಗೋಡೆಯ ಸಂದಿಯಿಂದ ಬರುತ್ತವೆ. ಆ ಸಂದಿಗಳಿಗೂ ಟೇಪ್ ಹಚ್ಚಿ ನೋಡಿ. ಕೆಳಗಿನ ಮನೆಯ ಬಾತ್‌ರೂಮಿನ ಸೀಲಿಂಗಿನಲ್ಲಿ ತೇವದ ಕಲೆ ಇದೆಯಾ ಅಂತ ಅವರನ್ನೇ ಕೇಳಿ. ಕಲೆ ಇದ್ದರೆ ಬ್ರಷ್ಷಿನಿಂದ ಆಗುವ ಕೆಲಸವಲ್ಲ, ಪ್ಲಂಬರ್ ಬಂದು ಸೋರಿಕೆ ಹುಡುಕಿ, ಬೇಕಾದರೆ ಟೈಲ್ಸ್ ತೆಗೆದು ಸರಿಮಾಡಬೇಕು. ಮೇಲಿನ ಮನೆಯವರು, ಕೆಳಗಿನ ಮನೆಯವರು ಖರ್ಚಿನ ಮಾತು ಆಮೇಲೆ ಆಡಿ, ಸೋರಿಕೆ ಮೊದಲು ನಿಲ್ಲಿಸಿ.

ಇಲ್ಲಿ ಮೇಜಿನ ಮೇಲೆ ಬಳಸಿದ ಒಂದು ಟ್ರ್ಯಾಪ್, ಬಿಳಿ ತಟ್ಟೆ, ಭೂತಗನ್ನಡಿ ಇಟ್ಟಿದ್ದೇನೆ. ಮಕ್ಕಳನ್ನು ಮುಂದೆ ಕಳಿಸಿ, ಅವರಿಗೆ ಮರಿಹುಳ ತೋರಿಸುತ್ತೇನೆ. ಆಮೇಲೆ ನಿಮ್ಮ ಪ್ರಶ್ನೆಗಳನ್ನು ತಗೊಳ್ಳೋಣ.